ಸಹ್ಯಾದ್ರಿಯ ಗಿರಿದುರ್ಗಗಳು ಮತ್ತು ಮರಾಠರ ರಾಜ್ಯಭಾರ

1665ರ ಜೂನ್ ತಿಂಗಳು. ಪುಣೆಯ ಆಗ್ನೇಯಕ್ಕಿರುವ ಪುರಂದರ ದುರ್ಗದ ಬುಡದಲ್ಲಿ ಮೊಗಲ್ ಸೇನೆ ಬೀಡುಬಿಟ್ಟಿತ್ತು. ಸೇನಾನಾಯಕ ಮಿರ್ಜಾ ರಾಜಾ ಜಯಸಿಂಹನ ಡೇರೆಗೆ ಶಿವಾಜಿ ಸ್ವತಃ ಬಂದು ಸಂಧಿಯ ಮಾತುಕತೆಗೆ ಕುಳಿತನು. ಮೇಲೆ ಕೋಟೆಯಲ್ಲಿ ಕಾಳಗ ಇನ್ನೂ ನಡೆಯುತ್ತಲೇ ಇತ್ತು. ಕೊನೆಗೆ ಆದ ಒಪ್ಪಂದದ ಮುಖ್ಯ ಷರತ್ತು ಇಷ್ಟು: 23 ಕೋಟೆಗಳು ಮೊಗಲರಿಗೆ, 12 ಕೋಟೆಗಳು ಶಿವಾಜಿಗೆ. ಬಿಟ್ಟುಕೊಟ್ಟ ಕೋಟೆಗಳಿಗೆ ಸೇರಿದ ನಾಡಿನ ವಾರ್ಷಿಕ ಹುಟ್ಟುವಳಿ ನಾಲ್ಕು ಲಕ್ಷ ಹೊನ್ನು. ಉಳಿಸಿಕೊಂಡವುಗಳದ್ದು ಒಂದು ಲಕ್ಷ.

ವಿದ್ಯಾರ್ಥಿ ಮಿತ್ರರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇಬ್ಬರು ರಾಜಕಾರಣಿಗಳು ಒಂದು ರಾಜ್ಯವನ್ನು ಹಂಚಿಕೊಳ್ಳಲು ಕುಳಿತಾಗ ಅವರು ಹಳ್ಳಿಗಳನ್ನು ಎಣಿಸಲಿಲ್ಲ, ಆನೆ ಕುದುರೆಗಳನ್ನು ಎಣಿಸಲಿಲ್ಲ, ನಗರಗಳನ್ನೂ ಎಣಿಸಲಿಲ್ಲ. ಎಣಿಸಿದ್ದು ಕೋಟೆಗಳನ್ನು. ಕೋಟೆ ಯಾರ ಕೈಯಲ್ಲಿದೆಯೋ ಅದರ ಸುತ್ತಲಿನ ನಾಡು ಅವರದು ಎಂಬುದು ಇಬ್ಬರಿಗೂ ತಿಳಿದ ವಿಷಯವಾಗಿತ್ತು. ಶಿವಾಜಿ ತನ್ನ ಬಳಿ ಇಟ್ಟುಕೊಂಡ ಹನ್ನೆರಡರಲ್ಲಿ ರಾಜಗಡ, ತೋರಣಾ, ರಾಯಗಡ ಇದ್ದವು ಎಂಬುದನ್ನು ನೆನಪಿನಲ್ಲಿಡಿ. ಆ ಆಯ್ಕೆ ಸುಮ್ಮನೆ ಆದುದಲ್ಲ.

ಬೆಟ್ಟದ ತುದಿಯ ಒಂದು ಕಲ್ಲಿನ ಕಟ್ಟಡಕ್ಕೆ ಇಷ್ಟು ಬೆಲೆ ಹೇಗೆ ಬಂತು? ಪರದೆಯ ಮೇಲೆ ಕೋಟೆಯನ್ನು ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಗೋಡೆ ಮತ್ತು ಬುರುಜು. ಆದರೆ ಕೋಟೆಯ ಬಲವೆಲ್ಲ ಗೋಡೆಯಲ್ಲಿದೆ ಎಂದು ತಿಳಿದರೆ ಮರಾಠರ ಇತಿಹಾಸದ ಅರ್ಧಭಾಗ ನಮಗೆ ಅರ್ಥವಾಗುವುದಿಲ್ಲ. ಗೋಡೆ ಶತ್ರುವನ್ನು ಕೆಲವು ದಿನ ತಡೆಯುತ್ತದೆ. ತಿಂಗಳುಗಟ್ಟಲೆ ತಡೆಯುವುದು ನೀರು, ಧಾನ್ಯ ಮತ್ತು ಒಳಗಿರುವ ಮನುಷ್ಯರು.

ಮೊದಲು ನೆಲವನ್ನು ನೋಡೋಣ. ಸಹ್ಯಾದ್ರಿಯ ಈ ಭಾಗ ಜ್ವಾಲಾಮುಖಿಯ ಲಾವಾರಸದಿಂದ ಆದುದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊರಬಂದ ಲಾವಾ ಒಂದರ ಮೇಲೊಂದು ಪದರವಾಗಿ ಹರಡಿ ಗಟ್ಟಿಯಾಯಿತು. ಕೆಲವು ಪದರ ಬಹಳ ಗಟ್ಟಿ, ಕೆಲವು ಮೆದು. ಮಳೆ ನೀರು ಮೆದು ಪದರವನ್ನು ಇಳಿಜಾರಾಗಿ ಸವೆಸಿತು. ಗಟ್ಟಿ ಪದರ ಗೋಡೆಯಂತೆ ನೇರವಾಗಿ ನಿಂತಿತು. ಹೀಗಾಗಿ ಇಲ್ಲಿನ ಅನೇಕ ಬೆಟ್ಟಗಳ ಆಕಾರ ಒಂದೇ ಬಗೆಯದು: ಕೆಳಗೆ ಕಾಡಿನ ಇಳಿಜಾರು, ಅದರ ಮೇಲೆ ಕಡಿದಾದ ಕಪ್ಪು ಬಂಡೆಯ ಗೋಡೆ, ನೆತ್ತಿಯಲ್ಲಿ ಸಮತಟ್ಟಾದ ಬಯಲು. ಪ್ರಕೃತಿಯೇ ಮುಕ್ಕಾಲು ಕೋಟೆಯನ್ನು ಕಟ್ಟಿಕೊಟ್ಟಿತ್ತೆಂದರೆ ತಪ್ಪಿಲ್ಲ. ಚಿತ್ರದುರ್ಗದ ಉಂಡೆಬಂಡೆಗಳ ನಡುವೆ ಸುತ್ತಿ ಸುತ್ತಿ ಹೋಗುವ ಏಳು ಸುತ್ತಿನ ಕೋಟೆಯನ್ನು ಕಂಡವರಿಗೆ ರಾಯಗಡದಂಥ ಕೋಟೆಯಲ್ಲಿ ಗೋಡೆಯೇ ಕಡಿಮೆ ಎನಿಸಬಹುದು. ಎಲ್ಲಿ ಬಂಡೆ ನೇರವಾಗಿ ಇಳಿದಿದೆಯೋ ಅಲ್ಲಿ ಗೋಡೆ ಬೇಕಾಗಲಿಲ್ಲ. ಎಲ್ಲಿ ಬಂಡೆ ಬಿರುಕು ಬಿಟ್ಟು ಹತ್ತಲು ದಾರಿ ಕೊಟ್ಟಿತ್ತೋ ಅಲ್ಲಿ ಮಾತ್ರ ಕಟ್ಟಿದರು.

ಈ ಬೆಟ್ಟಗಳ ಸಾಲು ಕೊಂಕಣದ ಕರಾವಳಿಗೂ ಮೇಲಿನ ಬಯಲುಸೀಮೆಗೂ ನಡುವೆ ಗೋಡೆಯಂತೆ ನಿಂತಿದೆ. ಬಂದರಿನಿಂದ ಸರಕು ಮೇಲೆ ಬರಬೇಕಾದರೆ ಕೆಲವೇ ಘಟ್ಟದ ದಾರಿಗಳಿವೆ. ಬೋರಘಟ್ಟದ ಬಳಿ ಲೋಹಗಡ ಮತ್ತು ರಾಜಮಾಚಿ, ನಾಣೇಘಟ್ಟದ ಕಡೆಗೆ ಜೀವಧನ ಮತ್ತು ಶಿವನೇರಿ, ಪಾರಘಟ್ಟಕ್ಕೆ ಪ್ರತಾಪಗಡ, ಆಂಬಾಘಟ್ಟದ ಕಡೆಗೆ ವಿಶಾಲಗಡ. ಎತ್ತಿನ ಮೇಲೆ ಹೇರು ಸಾಗಿಸುವ ವರ್ತಕನಿಂದ ಸುಂಕ ಎತ್ತಲೂ ದಂಡೆತ್ತಿ ಬರುವ ಸೇನೆಯನ್ನು ದೂರದಿಂದಲೇ ಕಾಣಲೂ ಇದಕ್ಕಿಂತ ಅನುಕೂಲವಾದ ಜಾಗ ಇಲ್ಲ. ಇವುಗಳಲ್ಲಿ ಹಲವು ಶಿವಾಜಿಗಿಂತ ಬಹಳ ಹಿಂದಿನವು. ಪನ್ಹಾಳವನ್ನು ಕಟ್ಟಿಸಿದವನು 12ನೆಯ ಶತಮಾನದ ಶಿಲಾಹಾರ ದೊರೆ ಎರಡನೆಯ ಭೋಜ. ಅನಂತರ ಯಾದವರು, ಬಹಮನಿಗಳು, ಅಹಮದನಗರ ಮತ್ತು ಬಿಜಾಪುರದ ಸುಲ್ತಾನರು ಈ ಕೋಟೆಗಳನ್ನು ಆಳಿದರು. ಆದರೆ ಸುಲ್ತಾನರಿಗೆ ಇವು ಗಡಿಕಾವಲಿನ ಠಾಣೆಗಳು. ಅವರ ರಾಜಧಾನಿ, ಅವರ ಸಂಪತ್ತು ಬಯಲಿನಲ್ಲಿತ್ತು. ಬೆಟ್ಟದ ಕೋಟೆಯನ್ನೇ ರಾಜ್ಯದ ಕೇಂದ್ರವನ್ನಾಗಿ ಮಾಡಿದ್ದು ಶಿವಾಜಿಯ ಕಾಲದ ಬದಲಾವಣೆ.

ಅದು ಆರಂಭವಾದದ್ದು 1640ರ ದಶಕದ ಕೊನೆಯಲ್ಲಿ. ತೋರಣಾ ಕೋಟೆ ಕೈಸೇರಿದ ಮೇಲೆ ಅದರ ಎದುರಿನ ಮುರುಂಬದೇವನ ಬೆಟ್ಟದ ಮೇಲೆ ರಾಜಗಡ ಎದ್ದಿತು. ರಾಯಗಡಕ್ಕೆ ಹೋಗುವವರೆಗೆ ಸುಮಾರು ಕಾಲು ಶತಮಾನ ಇದೇ ಶಿವಾಜಿಯ ರಾಜಧಾನಿ. ಇದರ ವಿನ್ಯಾಸ ಸ್ವಲ್ಪ ವಿವರವಾಗಿ ನೋಡುವಂತಹದು. ನಡುವೆ ಎತ್ತರದ ಬಂಡೆಯ ಮೇಲೆ ಒಳಕೋಟೆ; ಮರಾಠಿಯಲ್ಲಿ ಇದನ್ನು ಬಾಲೇಕಿಲ್ಲಾ ಎನ್ನುತ್ತಾರೆ. ಅದರಿಂದ ಮೂರು ದಿಕ್ಕಿಗೆ ಬೆಟ್ಟದ ತೋಳುಗಳು ಚಾಚಿವೆ. ಈ ತೋಳುಗಳಿಗೆ ಮಾಚಿ ಎಂದು ಹೆಸರು: ಪದ್ಮಾವತಿ ಮಾಚಿ, ಸುವೇಳಾ ಮಾಚಿ, ಸಂಜೀವನಿ ಮಾಚಿ. ಪ್ರತಿಯೊಂದು ಮಾಚಿಯೂ ತನ್ನಷ್ಟಕ್ಕೆ ಒಂದು ಕೋಟೆ. ಒಂದು ತೋಳು ಶತ್ರುವಿನ ವಶವಾದರೂ ಉಳಿದವು ಹೋರಾಡಬಹುದು. ಎಲ್ಲವೂ ಹೋದರೆ ಒಳಕೋಟೆ ಇದೆ. ಸಂಜೀವನಿ ಮಾಚಿಯಲ್ಲಿ ಗೋಡೆ ಒಂದಲ್ಲ, ಎರಡು. ಹೊರಗೋಡೆ ಒಡೆದು ನುಗ್ಗಿದವನು ಎರಡು ಗೋಡೆಗಳ ನಡುವಿನ ಕಿರಿದಾದ ಕಂದಕದಂತಹ ಜಾಗದಲ್ಲಿ ಸಿಕ್ಕಿಬೀಳುತ್ತಾನೆ. ಅಲ್ಲಿ ಕತ್ತಿ ಬೀಸಲೂ ಎಡೆಯಿಲ್ಲ, ಮೇಲಿನಿಂದ ಕಲ್ಲು ಗುಂಡು ಸುರಿಯುತ್ತವೆ.

ಬಾಗಿಲಿನ ರಚನೆಯೂ ಹೀಗೆಯೇ. ರಾಯಗಡದ ಮಹಾದರ್ವಾಜವನ್ನು ಕೆಳಗಿನಿಂದ ಹತ್ತಿ ಬರುವವನು ಹತ್ತಿರ ಬರುವವರೆಗೂ ಕಾಣಲಾರ. ಎರಡು ದೊಡ್ಡ ಬುರುಜುಗಳು ಎರಡೂ ಕಡೆಯಿಂದ ಬಾಗಿ ಬಂದು ಬಾಗಿಲನ್ನು ಮರೆಮಾಡುತ್ತವೆ. ಹಸುವಿನ ಮುಖ ಎರಡು ಮುಂಗಾಲುಗಳ ನಡುವೆ ಅಡಗಿದಂತೆ ಕಾಣುವುದರಿಂದ ಇದಕ್ಕೆ ಗೋಮುಖಿ ರಚನೆ ಎಂಬ ಹೆಸರು ಬಂದಿದೆ. ದಾರಿ ಸುತ್ತಿ ತಿರುಗುವುದರಿಂದ ಆನೆ ಓಡಿ ಬಂದು ಬಾಗಿಲಿಗೆ ಗುದ್ದುವಂತಿಲ್ಲ. ಫಿರಂಗಿಯನ್ನು ನೇರವಾಗಿ ಗುರಿಯಿಡುವಂತಿಲ್ಲ. ಹತ್ತುವವನ ಬೆನ್ನು, ಮಗ್ಗುಲು ಎರಡೂ ಬುರುಜಿನ ಕೋವಿಕಿಂಡಿಗಳಿಗೆ ತೆರೆದಿರುತ್ತವೆ.

ಈ ವಿದ್ಯೆಯನ್ನೆಲ್ಲ ಬರವಣಿಗೆಯಲ್ಲಿ ಹಿಡಿದಿಟ್ಟ ಗ್ರಂಥ ಒಂದಿದೆ. ಅದು ಸುಮಾರು 1715ರಲ್ಲಿ ರಚಿತವಾದ 'ಆಜ್ಞಾಪತ್ರ'. ಬರೆದವನು ರಾಮಚಂದ್ರ ಪಂತ ಅಮಾತ್ಯ. ಶಿವಾಜಿಯ ಕಾಲದಿಂದ ರಾಜಸೇವೆಯಲ್ಲಿದ್ದು, ಸಂಭಾಜಿ, ರಾಜಾರಾಮರ ಕಾಲದ ಕಷ್ಟಗಳನ್ನು ಕಣ್ಣಾರೆ ಕಂಡು, ಕೊಲ್ಲಾಪುರದ ಅರಸನಿಗಾಗಿ ಮುಪ್ಪಿನಲ್ಲಿ ಬರೆದ ರಾಜನೀತಿಯ ಪುಸ್ತಕ ಇದು. ಇದರಲ್ಲಿ ದುರ್ಗಗಳಿಗೆ ಪ್ರತ್ಯೇಕ ಪ್ರಕರಣವೇ ಇದೆ. ಓದುವಾಗ ನಿಯಮಗಳ ಒಣ ಪಟ್ಟಿಯಂತೆ ತೋರುತ್ತದೆ. ಆದರೆ ಪ್ರತಿಯೊಂದು ನಿಯಮದ ಪಕ್ಕದಲ್ಲೂ ಒಂದು ಯುದ್ಧವನ್ನು ಇಟ್ಟು ನೋಡಿದರೆ, ಇವು ಪುಸ್ತಕದಿಂದ ಬಂದ ವಿದ್ಯೆಯಲ್ಲ, ಜೀವ ತೆತ್ತು ಕಲಿತ ಪಾಠ ಎಂದು ನನಗೆ ಅನ್ನಿಸುತ್ತದೆ. ಎರಡು ಮೂರು ಉದಾಹರಣೆ ಸಾಕು.

ಕೋಟೆಯ ಸಮೀಪದಲ್ಲಿ ಫಿರಂಗಿಯ ಹೊಡೆತಕ್ಕೆ ನಿಲುಕುವಷ್ಟು ದೂರದಲ್ಲಿ ಇನ್ನೊಂದು ಗುಡ್ಡ ಇರಕೂಡದು. ಇದ್ದರೆ ಅದನ್ನು ಸಿಡಿಸಿ ತಗ್ಗಿಸಬೇಕು, ಆಗದಿದ್ದರೆ ಅದನ್ನೂ ಕಟ್ಟಿ ಕೋಟೆಯೊಳಗೆ ಸೇರಿಸಿಕೊಳ್ಳಬೇಕು ಎನ್ನುತ್ತಾನೆ ಅಮಾತ್ಯ. ಈಗ ಪುರಂದರಕ್ಕೆ ಮರಳೋಣ. ಪುರಂದರದ ಪಕ್ಕದಲ್ಲೇ ಅದಕ್ಕೆ ಅಂಟಿಕೊಂಡಂತೆ ವಜ್ರಗಡವಿದೆ. ಎತ್ತರದಲ್ಲಿ ಕಡಿಮೆಯಾದರೂ ಅಲ್ಲಿಂದ ಪುರಂದರದ ಮಾಚಿಯ ಮೇಲೆ ಗುಂಡು ಹಾರಿಸಬಹುದು. ಮೊಗಲ್ ಸರದಾರ ದಿಲೇರ್ ಖಾನ ಇದನ್ನು ಸರಿಯಾಗಿ ಅರಿತನು. ಭಾರೀ ಫಿರಂಗಿಗಳನ್ನು ಬೆಟ್ಟದ ಮೇಲಕ್ಕೆ ಎಳೆಸಿ 1665ರ ಏಪ್ರಿಲ್ ಮಧ್ಯಭಾಗದಲ್ಲಿ ಮೊದಲು ವಜ್ರಗಡವನ್ನೇ ಹಿಡಿದನು. ಅಲ್ಲಿಂದ ಪುರಂದರದ ಕೆಳಕೋಟೆಯ ಬುರುಜುಗಳು ಉರುಳತೊಡಗಿದವು. ಕೋಟೆಯ ಅಧಿಕಾರಿ ಮುರಾರಬಾಜಿ ದೇಶಪಾಂಡೆ ಆಯ್ದ ಯೋಧರೊಂದಿಗೆ ಹೊರನುಗ್ಗಿ ದಿಲೇರ್ ಖಾನನ ಪಾಳೆಯದವರೆಗೂ ಹೋಗಿ ಹೋರಾಡಿ ಮಡಿದನು. ಅವನ ನಂತರವೂ ಕೋಟೆಯವರು ಬಾಗಿಲು ತೆರೆಯಲಿಲ್ಲ. ಆದರೆ ಶಿವಾಜಿ ಸಂಧಿಗೆ ಒಪ್ಪಲೇಬೇಕಾಯಿತು. ವಜ್ರಗಡ ಕೋಟೆಯೇ ಆಗಿತ್ತು, ಅಲ್ಲಿಯೂ ಪಡೆ ಇತ್ತು. ಆದರೂ ಎರಡು ಕೋಟೆಗಳು ಒಂದಾಗಿರಲಿಲ್ಲ. ಒಂದು ಬಿದ್ದೊಡನೆ ಅದು ಇನ್ನೊಂದರ ಶತ್ರುವಾಯಿತು.

ಕೋಟೆಗೆ ಒಂದೇ ಬಾಗಿಲು ಇರುವುದು ದೊಡ್ಡ ದೋಷ, ಒಂದೆರಡು ಹೆಚ್ಚಿನ ಬಾಗಿಲೂ ಕಳ್ಳದಿಡ್ಡಿಗಳೂ ಇರಬೇಕು ಎಂಬುದು ಇನ್ನೊಂದು ನಿಯಮ. ಇದರ ಪಕ್ಕದಲ್ಲಿ 1660ರ ಪನ್ಹಾಳವನ್ನಿಡಿ. ಬಿಜಾಪುರದ ಸರದಾರ ಸಿದ್ದಿ ಜೌಹರ ಮಾರ್ಚ್ ತಿಂಗಳಿನಿಂದ ಕೋಟೆಗೆ ಮುತ್ತಿಗೆ ಹಾಕಿದ್ದನು. ಶಿವಾಜಿ ಒಳಗೆ ಸಿಕ್ಕಿಬಿದ್ದಿದ್ದನು. ಮಳೆಗಾಲ ಬಂದರೆ ಮುತ್ತಿಗೆ ಸಡಿಲವಾಗುತ್ತದೆಂಬ ಲೆಕ್ಕ ಸುಳ್ಳಾಯಿತು. ಸಿದ್ದಿ ಜೌಹರನು ಮಳೆಯಲ್ಲೂ ಅಲುಗಲಿಲ್ಲ. ರಾಜಾಪುರದಲ್ಲಿ ವ್ಯಾಪಾರಕ್ಕೆಂದು ಕುಳಿತಿದ್ದ ಇಂಗ್ಲಿಷರೂ ತಮ್ಮ ತೋಪುಗಳೊಂದಿಗೆ ಬಂದು ಕೋಟೆಯ ಮೇಲೆ ಗುಂಡು ಹಾರಿಸಿದರು. ಕಡೆಗೆ ಜುಲೈ ತಿಂಗಳ ಒಂದು ರಾತ್ರಿ, ಸುರಿಯುವ ಮಳೆಯಲ್ಲಿ, ರಾಜದಿಂಡಿ ಎಂಬ ಮರೆಯ ದಾರಿಯಿಂದ ಶಿವಾಜಿ ಕೆಲವು ನೂರು ಮಾವಳಿಗಳೊಂದಿಗೆ ಇಳಿದು ಸುಮಾರು 60 ಕಿಲೋಮೀಟರ್ ದೂರದ ವಿಶಾಲಗಡದ ಕಡೆಗೆ ಹೊರಟನು. ಬೆನ್ನಟ್ಟಿ ಬಂದ ಸೇನೆಯನ್ನು ಘೋಡಖಿಂಡಿಯ ಕಿರುಗಣಿವೆಯಲ್ಲಿ ತಡೆದು ನಿಂತವನು ಬಾಜಿಪ್ರಭು ದೇಶಪಾಂಡೆ. ಶಿವಾಜಿ ವಿಶಾಲಗಡ ಮುಟ್ಟಿದನೆಂಬ ಸಂಕೇತದ ತೋಪಿನ ಶಬ್ದ ಕೇಳುವವರೆಗೆ ಅವನು ಪ್ರಾಣ ಬಿಡಲಿಲ್ಲ ಎಂಬ ಕಥೆಯನ್ನು ನೀವೆಲ್ಲ ಪಾಠದಲ್ಲಿ ಓದಿರುತ್ತೀರಿ. ಬಾಜಿಪ್ರಭುವಿನ ಸಾಹಸಕ್ಕೆ ತಲೆಬಾಗೋಣ. ಆದರೆ ಆ ರಾತ್ರಿ ಪನ್ಹಾಳಕ್ಕೆ ಹೆಬ್ಬಾಗಿಲು ಮಾತ್ರ ಇದ್ದಿದ್ದರೆ ಆ ಸಾಹಸಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಮೂರನೆಯದು ನೀರು. ಅಮಾತ್ಯನ ಪ್ರಕಾರ ಕೋಟೆ ಕಟ್ಟುವ ಮೊದಲು ನೋಡಬೇಕಾದದ್ದು ನೀರು. ನೀರಿಲ್ಲದಿದ್ದರೂ ಆ ಜಾಗ ಬೇಕೇ ಬೇಕು ಎಂದಾದರೆ ಮೊದಲು ಬಂಡೆ ಕಡಿದು ಕೊಳಗಳನ್ನು ಮಾಡಿ, ಅವು ವರ್ಷವಿಡೀ ಸಾಲುವಂತಾದ ಮೇಲೆಯೇ ಗೋಡೆಗೆ ಕೈಹಾಕಬೇಕು. ಒಂದು ಒರತೆಯನ್ನು ನಂಬಿ ಕೂರಬಾರದು. ಫಿರಂಗಿಗಳ ಆರ್ಭಟಕ್ಕೆ ಬಂಡೆ ಬಿರಿದು ಒರತೆ ಬತ್ತಿಹೋಗಬಹುದು ಎಂದು ಎಚ್ಚರಿಸುತ್ತಾನೆ. ಆದ್ದರಿಂದ ಒಂದೆರಡು ಕೊಳಗಳ ನೀರನ್ನು ದಿನಬಳಕೆಗೆ ಮುಟ್ಟದೆ ಕಷ್ಟಕಾಲಕ್ಕೆ ಕಾದಿಡಬೇಕು.

ಈ ಕೊಳಗಳ ವಿಚಾರದಲ್ಲಿ ಒಂದು ಜಾಣತನ ಅಡಗಿದೆ. ಬೆಟ್ಟದ ನೆತ್ತಿಗೆ ಕಲ್ಲು ಹೊತ್ತು ತರುವುದು ಬಹಳ ಕಷ್ಟದ, ಬಹಳ ಖರ್ಚಿನ ಕೆಲಸ. ಅದರ ಬದಲು ಮೇಲೆಯೇ ಬಂಡೆಯನ್ನು ಕಡಿದರೆ ಗುಂಡಿಯಾದ ಜಾಗ ಮಳೆನೀರಿನ ಕೊಳವಾಗುತ್ತದೆ, ಕಡಿದ ಕಲ್ಲು ಗೋಡೆಗೆ ಹೋಗುತ್ತದೆ. ಒಂದೇ ಕೆಲಸಕ್ಕೆ ಎರಡು ಫಲ. ಸಹ್ಯಾದ್ರಿಯ ಕೋಟೆಗಳಲ್ಲಿ ಗೋಡೆಯ ಹತ್ತಿರವೇ ಸಾಲು ಸಾಲಾಗಿ ಚೌಕಾಕಾರದ ಕಲ್ಲಿನ ಕೊಳಗಳು ಕಾಣುವುದು ಇದೇ ಕಾರಣಕ್ಕೆ. ವರ್ಷಕ್ಕೆ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಸೀಮೆ ಅದು. ಆ ನಾಲ್ಕು ತಿಂಗಳ ನೀರನ್ನು ಉಳಿದ ಎಂಟು ತಿಂಗಳಿಗೆ ಹಿಡಿದಿಡುವುದೇ ಕೋಟೆ ಕಟ್ಟುವವನ ಮುಖ್ಯ ಚಿಂತೆ. ಪನ್ಹಾಳದಲ್ಲಿ ಅಂಧಾರ ಬಾವಡಿ ಎಂಬ ಮೂರಂತಸ್ತಿನ ಬಾವಿ ಇದೆ. ಶತ್ರು ನೀರಿಗೆ ವಿಷ ಬೆರೆಸದಂತೆ ಬಾವಿಯ ಮೇಲೆಯೇ ಕಟ್ಟಡ ಕಟ್ಟಿ ಕಾವಲಿಟ್ಟಿದ್ದರು. ಅದೇ ಕೋಟೆಯ ಅಂಬರಖಾನೆಯಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಹೆಸರಿನ ಮೂರು ಬೃಹತ್ ಕಣಜಗಳಿವೆ. ಗಂಗಾ ಕಣಜವೊಂದೇ 25,000 ಖಂಡಿ ಧಾನ್ಯ ಹಿಡಿಯುತ್ತಿತ್ತೆಂದು ಹೇಳುತ್ತಾರೆ. ಈ ಬಾವಿ, ಕಣಜಗಳು ಶಿವಾಜಿಗಿಂತ ಹಿಂದಿನವು. ಆದರೆ ನಾಲ್ಕು ತಿಂಗಳ ಮುತ್ತಿಗೆಯನ್ನು ತಡೆಯಲು ಕೋಟೆಯೊಳಗಿನವರಿಗೆ ಒದಗಿ ಬಂದವು ಇಂಥವೇ.

ಇನ್ನು ಮನುಷ್ಯರ ವಿಷಯ. ಮೇಲಿನ ಎಲ್ಲಕ್ಕಿಂತ ಇದು ಕಠಿಣ. ಕೋಟೆಯನ್ನು ಹೊರಗಿನವನು ಒಡೆಯಬೇಕಾಗಿಲ್ಲ, ಒಳಗಿನ ಒಬ್ಬನು ಬಾಗಿಲು ತೆರೆದರೆ ಸಾಕು. ಇದಕ್ಕೆ ಶಿವಾಜಿ ಮಾಡಿದ ಏರ್ಪಾಟನ್ನು ಸಭಾಸದನು ತನ್ನ ಬಖರಿನಲ್ಲಿ ವಿವರಿಸಿದ್ದಾನೆ. ಪ್ರತಿ ಕೋಟೆಗೂ ಹವಾಲ್ದಾರ, ಸಬನೀಸ, ಸರನೋಬತ ಎಂಬ ಮೂವರು ಅಧಿಕಾರಿಗಳು. ಹವಾಲ್ದಾರನು ಕೋಟೆಯ ಮುಖ್ಯಸ್ಥ, ಬೀಗದ ಕೈ ಅವನ ಬಳಿ. ಸಬನೀಸನು ಹಾಜರಿ ಮತ್ತು ಲೆಕ್ಕಪತ್ರ ನೋಡುವವನು. ಸರನೋಬತನು ಪಡೆಯ ನಾಯಕ. ಇವರ ಜೊತೆಗೆ ಧಾನ್ಯ, ಮದ್ದುಗುಂಡುಗಳ ಉಗ್ರಾಣಕ್ಕೆ ಕಾರಖಾನೀಸ. ಹವಾಲ್ದಾರ ಮರಾಠ, ಸಬನೀಸ ಬ್ರಾಹ್ಮಣ, ಕಾರಖಾನೀಸ ಕಾಯಸ್ಥ ಪ್ರಭು ಎಂದು ಬೇರೆ ಬೇರೆ ಜಾತಿಯವರನ್ನು ನೇಮಿಸುವ ಪದ್ಧತಿಯಿತ್ತು. ಒಬ್ಬನು ಶತ್ರುವಿನೊಡನೆ ಸೇರಿದರೂ ಉಳಿದವರು ಸೇರದಿರಲಿ ಎಂಬುದು ಇದರ ಉದ್ದೇಶ. ನಂಬಿಕೆಯ ಮೇಲೆ ಅಲ್ಲ, ಅಪನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆ ಇದು. ಸಬನೀಸ, ಕಿಲ್ಲೇದಾರ, ಹವಾಲ್ದಾರ ಎಂಬ ಮನೆತನದ ಹೆಸರುಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೇಳಿಬರುವುದು ಇಂತಹ ಹುದ್ದೆಗಳ ನೆನಪಾಗಿಯೇ.

ಗೋಡೆಯ ಹೊರಗೂ ಒಂದು ಪಡೆ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ಬೆಟ್ಟದ ಬುಡದ ಕಾಡಿನಲ್ಲಿ, ಹತ್ತುವ ದಾರಿಯ ತಿರುವುಗಳಲ್ಲಿ ಮಹಾರ, ಮಾಂಗ, ರಾಮೋಶಿ, ಬೇಡರ ಕುಟುಂಬಗಳು ಕಾವಲಿದ್ದವು. ಅಪರಿಚಿತರ ಹೆಜ್ಜೆಯ ಸುದ್ದಿ ಮೊದಲು ಮುಟ್ಟುತ್ತಿದ್ದುದು ಇವರಿಗೆ. ಶತ್ರುವಿನ ಮೊದಲ ಏಟು ಬೀಳುತ್ತಿದ್ದುದೂ ಇವರಿಗೆ. ಕೋಟೆಯ ಕೆಳಗಿನ ಕಾಡಿನಿಂದ ಒಂದು ಕಡ್ಡಿಯನ್ನೂ ಕಡಿಯಬಾರದೆಂಬ ಆಜ್ಞೆಗೂ ಇವರೇ ಕಾವಲು. ಬುರುಜಿಗೆ ಸರದಾರರ ಹೆಸರಿದೆ, ಬಾಗಿಲಿಗೆ ಹೆಸರಿದೆ. ಈ ಕಾವಲುಗಾರರ ಹೆಸರುಗಳು ಯಾವ ಬಖರಿನಲ್ಲೂ ಸಾಲುಸಾಲಾಗಿ ಸಿಗುವುದಿಲ್ಲ.

ಹೆಸರು ಉಳಿದ ಒಬ್ಬ ಸಾಮಾನ್ಯ ಹೆಂಗಸು ಉಂಟು, ಅದೂ ದಂತಕಥೆಯಲ್ಲಿ. ರಾಯಗಡಕ್ಕೆ ಹಾಲು ಮಾರಲು ಹೋದ ಹಿರಕಣಿಗೆ ಸಂಜೆ ಬಾಗಿಲು ಮುಚ್ಚಿದ್ದರಿಂದ ಹೊರಬರಲಾಗಲಿಲ್ಲವಂತೆ. ಮನೆಯಲ್ಲಿ ಮೊಲೆಹಾಲು ಕುಡಿಯುವ ಕೂಸು. ಕತ್ತಲಲ್ಲಿ ಯಾರೂ ಇಳಿಯದ ಪ್ರಪಾತದಿಂದ ಅವಳು ಇಳಿದು ಮನೆ ಸೇರಿದಳಂತೆ. ಶಿವಾಜಿ ಅವಳನ್ನು ಸನ್ಮಾನಿಸಿ, ಅವಳು ಇಳಿದ ಜಾಗದಲ್ಲಿ ಒಂದು ಬುರುಜನ್ನು ಕಟ್ಟಿಸಿದನಂತೆ. ಹಿರಕಣಿ ಬುರುಜು ಈಗಲೂ ಇದೆ. ಕಥೆ ಎಷ್ಟು ನಿಜವೋ, ಆದರೆ ಅದರೊಳಗೆ ಒಂದು ಗಟ್ಟಿ ಅನುಭವವಿದೆ: ಒಬ್ಬಳು ಇಳಿದ ಜಾಗದಲ್ಲಿ ನೂರು ಜನ ಹತ್ತಬಹುದು. 1670ರ ಫೆಬ್ರುವರಿಯ ರಾತ್ರಿ ತಾನಾಜಿ ಮಾಲುಸರೆ ಸಿಂಹಗಡವನ್ನು, ಅಂದಿನ ಕೊಂಡಾಣವನ್ನು, ಹಿಡಿದದ್ದು ಹಾಗೆಯೇ. ಯಾರೂ ಹತ್ತಲಾರರೆಂದು ಕಾವಲು ತೆಳುವಾಗಿದ್ದ ಬಂಡೆಯ ಕಡೆಯಿಂದ ಅವನ ಮಾವಳಿಗಳು ಹಗ್ಗ ಹಿಡಿದು ಏರಿದರು. ತಾನಾಜಿಯೂ ಕೋಟೆಯ ಅಧಿಕಾರಿ ಉದಯಭಾನನೂ ಕಾಳಗದಲ್ಲಿ ಸತ್ತರು, ಕೋಟೆ ಮರಾಠರದಾಯಿತು. ಉಡವನ್ನು ಬಂಡೆಗೆ ಏರಿಸಿ ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಹತ್ತಿದರೆಂಬ ಮಾತು ಲಾವಣಿಗಳ ಅಲಂಕಾರ. ಅದಿಲ್ಲದೆಯೂ ಆ ರಾತ್ರಿಯ ಸಾಹಸ ಕಡಿಮೆಯಾಗುವುದಿಲ್ಲ. ಮೂರು ವರ್ಷಗಳ ನಂತರ ಕೊಂಡಾಜಿ ಫರ್ಜಂದನು 60 ಜನರೊಂದಿಗೆ ಇದೇ ರೀತಿ ಪನ್ಹಾಳವನ್ನು ಹಿಡಿದನು. ಪುರಂದರದ ಒಪ್ಪಂದದಲ್ಲಿ ಕೊಟ್ಟ ಕೋಟೆಗಳಲ್ಲಿ ಬಹುಪಾಲು ಹೀಗೆ 1670ರಲ್ಲೇ ಒಂದೊಂದಾಗಿ ಮರಳಿ ಬಂದವು.

1674ರ ಜೂನ್ 6ರಂದು ಶಿವಾಜಿಯ ಪಟ್ಟಾಭಿಷೇಕ ನಡೆದದ್ದು ರಾಯಗಡದಲ್ಲಿ. ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಸಭಾಮಂದಿರ, ಅಂಗಡಿಬೀದಿ, ಗಂಗಾಸಾಗರ ಎಂಬ ಕೆರೆ, ಜಗದೀಶ್ವರನ ಗುಡಿ ಎಲ್ಲವನ್ನೂ ಕಟ್ಟಿಸುವ ಹೊಣೆ ಹೊತ್ತವನು ಹಿರೋಜಿ ಇಂದುಲಕರ. ತನ್ನ ಹೆಸರನ್ನು ಅವನು ಕೆತ್ತಿಸಿದ್ದು ಗುಡಿಯ ಮೆಟ್ಟಿಲ ಮೇಲೆ, ಬರುವವರ ಕಾಲು ತಾಗುವ ಜಾಗದಲ್ಲಿ. 1680ರ ಏಪ್ರಿಲ್ 3ರಂದು ಶಿವಾಜಿ ತೀರಿಕೊಂಡಾಗ ರಾಜ್ಯದಲ್ಲಿ ಸುಮಾರು 240 ಕೋಟೆಗಳಿದ್ದವೆಂದು ಸಭಾಸದನ ಲೆಕ್ಕ. ಸಿಂಧುದುರ್ಗ, ಸುವರ್ಣದುರ್ಗಗಳಂಥ ಜಲದುರ್ಗಗಳೂ ಇದರಲ್ಲಿ ಸೇರಿವೆ. ಅವುಗಳದ್ದೇ ಬೇರೆ ಕಥೆ.

ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು ಕಟ್ಟಿದವನು ಹೋದ ಮೇಲೆ. 1689ರ ಮಾರ್ಚ್‌ನಲ್ಲಿ ಸಂಭಾಜಿಯನ್ನು ಔರಂಗಜೇಬನು ಕೊಲ್ಲಿಸಿದನು. ಅದೇ ವರ್ಷದ ಕೊನೆಗೆ ರಾಯಗಡವೂ ಬಿದ್ದಿತು. ರಾಣಿ ಯೇಸುಬಾಯಿ, ಬಾಲಕ ಶಾಹು ಸೆರೆಯಾದರು. ರಾಜನಿಲ್ಲ, ರಾಜಧಾನಿಯಿಲ್ಲ. ಲೆಕ್ಕದ ಪ್ರಕಾರ ರಾಜ್ಯ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಶಿವಾಜಿಯ ಕಿರಿಯ ಮಗ ರಾಜಾರಾಮನು ವೇಷ ಮರೆಸಿಕೊಂಡು ದಕ್ಷಿಣಕ್ಕೆ ಹೊರಟನು. ದಾರಿಯಲ್ಲಿ ಆಶ್ರಯ ಕೊಟ್ಟವಳು ನಮ್ಮ ಕೆಳದಿಯ ರಾಣಿ ಚೆನ್ನಮ್ಮಾಜಿ. ಅದಕ್ಕಾಗಿ ಮೊಗಲ್ ಸೇನೆಯನ್ನು ಎದುರಿಸಲೂ ಅವಳು ಹಿಂಜರಿಯಲಿಲ್ಲ. ರಾಜಾರಾಮ ಸೇರಿದ್ದು ಇಂದಿನ ತಮಿಳುನಾಡಿನ ಜಿಂಜಿ ಕೋಟೆಯನ್ನು. ಅದನ್ನು 1677ರಲ್ಲೇ ಶಿವಾಜಿ ಗೆದ್ದು ಭದ್ರಪಡಿಸಿದ್ದನು. ಮೂರು ಬೆಟ್ಟಗಳನ್ನು ಗೋಡೆಯಿಂದ ಹೆಣೆದ ಈ ಕೋಟೆಗೆ ಜುಲ್ಫಿಕರ್ ಖಾನ 1690ರಲ್ಲಿ ಹಾಕಿದ ಮುತ್ತಿಗೆ ಮುಗಿದದ್ದು 1698ರಲ್ಲಿ. ಎಂಟು ವರ್ಷ! ನಡುವೆ ಸಂತಾಜಿ ಘೋರ್ಪಡೆ, ಧನಾಜಿ ಜಾಧವರ ಕುದುರೆ ಪಡೆಗಳು ಬಂದು ಮುತ್ತಿಗೆ ಹಾಕಿದವರನ್ನೇ ಮುತ್ತಿದ್ದೂ ಉಂಟು. ಬೆಟ್ಟದ ಕೋಟೆ ಮೊಗಲ್ ಸೇನೆಯನ್ನು ಒಂದೆಡೆ ಕಟ್ಟಿಹಾಕಿತು. ಬಯಲಿನಲ್ಲಿ ಮರಾಠರ ಕುದುರೆ ಸ್ವತಂತ್ರವಾಗಿ ಓಡಾಡಿತು. ಒಂದಿಲ್ಲದೆ ಇನ್ನೊಂದು ನಡೆಯುತ್ತಿರಲಿಲ್ಲ. ಕೋಟೆ ಬಿದ್ದಾಗಲೂ ರಾಜಾರಾಮ ಅಲ್ಲಿರಲಿಲ್ಲ; ಆಗಲೇ ತಪ್ಪಿಸಿಕೊಂಡು ಮಹಾರಾಷ್ಟ್ರದ ದಾರಿ ಹಿಡಿದಿದ್ದನು.

ಆಗ ಎಂಬತ್ತರ ಹರೆಯದಲ್ಲಿದ್ದ ಔರಂಗಜೇಬ ತಾನೇ ಸಹ್ಯಾದ್ರಿಗೆ ಬಂದನು. 1699ರಿಂದ ಐದಾರು ವರ್ಷ ಒಂದೊಂದೇ ಕೋಟೆಯ ಬುಡದಲ್ಲಿ ಬೀಡುಬಿಟ್ಟು ಕುಳಿತನು. ಸಾತಾರಾದಲ್ಲಿ 1700ರ ಏಪ್ರಿಲ್‌ನಲ್ಲಿ ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ಸಿಡಿಸಿದಾಗ ಗೋಡೆ ಹೊರಮುಖವಾಗಿ ಬಿದ್ದು ಮೊಗಲರವರೇ ಸುಮಾರು ಎರಡು ಸಾವಿರ ಜನ ಸತ್ತರು. ರಾಜಾರಾಮನ ಮರಣದ ಸುದ್ದಿಯಿಂದ ಎದೆಗುಂದಿದ ಕೋಟೆಯವರು ಆಮೇಲೆ ಸಂಧಿ ಮಾಡಿಕೊಂಡರು. 1701ರಲ್ಲಿ ಪನ್ಹಾಳ, 1702ರಲ್ಲಿ ವಿಶಾಲಗಡ, 1703ರಲ್ಲಿ ಸಿಂಹಗಡ, 1704ರಲ್ಲಿ ರಾಜಗಡ ಮತ್ತು ತೋರಣಾ. ಇವುಗಳಲ್ಲಿ ಏಣಿ ಹಾಕಿ ಕತ್ತಿಯಿಂದ ಗೆದ್ದದ್ದು ತೋರಣಾ ಒಂದೇ ಎನ್ನುತ್ತಾರೆ ಇತಿಹಾಸಕಾರರು. ಉಳಿದ ಹಲವು ಕಡೆ ಹಣದ ಚೀಲ ಬಾಗಿಲು ತೆರೆಸಿತು. ವಿಶಾಲಗಡದ ಪರಶುರಾಮ ಪಂತನು ಆರು ತಿಂಗಳು ಹೋರಾಡಿ, ಮಳೆಗಾಲ ಶುರುವಾಗುವ ಹೊತ್ತಿಗೆ ಎರಡು ಲಕ್ಷ ರೂಪಾಯಿ ಪಡೆದು ಕೋಟೆ ಬಿಟ್ಟನು. ಗೆದ್ದ ಮೊಗಲ್ ಸೇನೆ ಕೆಸರು, ಪ್ರವಾಹಗಳ ನಡುವೆ ಪನ್ಹಾಳದವರೆಗಿನ ಸುಮಾರು 30 ಮೈಲಿ ಹಿಂದಿರುಗಲು ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಜನ, ದನ, ಆನೆ, ಒಂಟೆ ಸತ್ತದ್ದಕ್ಕೆ ಲೆಕ್ಕವಿಲ್ಲ.

ಇದನ್ನು ದ್ರೋಹ ಎನ್ನೋಣವೇ? ಕೆಲವು ಕಡೆ ದ್ರೋಹವೇ. ಆದರೆ ಎಲ್ಲೆಡೆ ಹಾಗಲ್ಲ. ಬೇಸಿಗೆಯೆಲ್ಲ ಶತ್ರುವನ್ನು ಕಾಯಿಸಿ, ಅವನ ಹಣವನ್ನೇ ಪಡೆದು, ಅವನನ್ನು ಮಳೆಗೆ ಒಪ್ಪಿಸಿ, ಎರಡು ಮೂರು ವರ್ಷದಲ್ಲಿ ಅದೇ ಕೋಟೆಯನ್ನು ಮರಳಿ ಹಿಡಿಯುವುದು ಒಂದು ಯುದ್ಧತಂತ್ರವೇ ಆಗಿತ್ತು. ಬಾದಶಹನ ಕೊನೆಯ ಮುತ್ತಿಗೆ ನಡೆದದ್ದು ನಮ್ಮ ಸೀಮೆಯಲ್ಲಿ, 1705ರಲ್ಲಿ, ಈಗಿನ ಯಾದಗಿರಿ ಜಿಲ್ಲೆಯ ಸುರಪುರದ ಬಳಿಯ ವಾಗಿನಗೇರಾದಲ್ಲಿ. ಅಲ್ಲಿನ ಬೇಡ ನಾಯಕನ ನೆರವಿಗೆ ಬಂದವರು ಮರಾಠರ ಧನಾಜಿ ಜಾಧವನ ದಂಡು. ಕೋಟೆ ಮೊಗಲರ ಕೈಸೇರುವ ಹೊತ್ತಿಗೆ ನಾಯಕ ತನ್ನವರೊಂದಿಗೆ ಪಾರಾಗಿದ್ದನು. 1707ರಲ್ಲಿ ಅಹಮದನಗರದಲ್ಲಿ ಔರಂಗಜೇಬ ತೀರಿಕೊಂಡಾಗ ಅವನು ಗೆದ್ದ ಕೋಟೆಗಳಲ್ಲಿ ಹಲವು ಮತ್ತೆ ಮರಾಠರ ವಶದಲ್ಲಿದ್ದವು. 1708ರ ಜನವರಿಯಲ್ಲಿ ಶಾಹುವಿನ ಪಟ್ಟಾಭಿಷೇಕ ನಡೆದದ್ದು ಅದೇ ಸಾತಾರಾದಲ್ಲಿ.

ಪೇಶ್ವೆಗಳ ಕಾಲಕ್ಕೆ ಮರಾಠರ ದಂಡು ಉತ್ತರ ಭಾರತದವರೆಗೆ ಹೋಯಿತು. ಅಧಿಕಾರ ಪುಣೆಯ ಬಯಲಿಗಿಳಿಯಿತು. ಕೋಟೆಗಳು ಖಜಾನೆಗಳಾದವು, ಸೆರೆಮನೆಗಳಾದವು. ಅಪಾಯ ಬಂದಾಗ ಮಾತ್ರ ನೆನಪಾಗುತ್ತಿದ್ದವು. ಪೇಶ್ವೆ ನಾರಾಯಣರಾಯನ ಕೊಲೆಯ ನಂತರ ಅವನ ಗರ್ಭಿಣಿ ಹೆಂಡತಿ ಗಂಗಾಬಾಯಿಯನ್ನು ರಕ್ಷಣೆಗಾಗಿ ಕರೆದೊಯ್ದದ್ದು ಪುರಂದರಕ್ಕೆ. ಸವಾಯಿ ಮಾಧವರಾಯ ಹುಟ್ಟಿದ್ದು 1774ರಲ್ಲಿ ಅಲ್ಲಿಯೇ. ಆದರೆ ಕೊಳಗಳ ಹೂಳು ತೆಗೆಸುವ, ಕಣಜ ತುಂಬಿಸುವ, ಮೂವರು ಅಧಿಕಾರಿಗಳನ್ನು ಒಬ್ಬರ ಮೇಲೊಬ್ಬರನ್ನು ಕಾವಲಿಡುವ ಹಳೆಯ ಶಿಸ್ತು ಸಡಿಲವಾಗಿತ್ತು.

1818ರ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಈ ಕೋಟೆಗಳನ್ನು ವರ್ಷಗಳಲ್ಲಿ ಅಲ್ಲ, ವಾರಗಳಲ್ಲಿ ಹಿಡಿಯಿತು. ಫಿರಂಗಿಯ ವಿದ್ಯೆ ಬೆಳೆದಿತ್ತು. ಗೋಡೆಯನ್ನು ಹಾರಿ ಒಳಗೆ ಬಿದ್ದು ಸಿಡಿಯುವ ಗುಂಡುಗಳಿಗೆ ಗೋಮುಖಿ ಬಾಗಿಲಾಗಲಿ, ಇಬ್ಬಗೆಯ ಗೋಡೆಯಾಗಲಿ ಉತ್ತರವಾಗಲಿಲ್ಲ. ಕಂಪನಿಯವರು ಮುಂದೆ ಯಾರೂ ಹತ್ತಿ ಬಲಗೊಳ್ಳಬಾರದೆಂದು ಹಲವು ಕೋಟೆಗಳ ಮೆಟ್ಟಿಲುಗಳನ್ನೇ ಮದ್ದಿಟ್ಟು ಸಿಡಿಸಿದರು. 2025ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ ಹನ್ನೆರಡು ಕೋಟೆಗಳಲ್ಲಿ ರಾಯಗಡ, ರಾಜಗಡ, ಪ್ರತಾಪಗಡ, ಪನ್ಹಾಳ, ಶಿವನೇರಿ, ಲೋಹಗಡ, ಸಾಲ್ಹೇರಗಳ ಜೊತೆಗೆ ಜಿಂಜಿಯೂ ಇದೆ.

ರಾಯಗಡ ಕಂಪನಿಗೆ ಶರಣಾದದ್ದು 1818ರ ಮೇ ತಿಂಗಳಲ್ಲಿ. ಪೇಶ್ವೆ ಎರಡನೆಯ ಬಾಜೀರಾಯನ ಹೆಂಡತಿ ವಾರಾಣಸಿಬಾಯಿ ಆಗ ಕೋಟೆಯೊಳಗಿದ್ದಳು. ಗುಂಡಿನಿಂದ ಎದ್ದ ಬೆಂಕಿಯಲ್ಲಿ ಶಿವಾಜಿಯ ಅರಮನೆಯ ಮರಮುಟ್ಟು ಸುಟ್ಟುಹೋಯಿತು; ಇಂದು ನೋಡಲು ಸಿಗುವುದು ಕಲ್ಲಿನ ಜಗಲಿಗಳು ಮಾತ್ರ. ಆ ಗುಂಡುಗಳು ಹಾರಿಬಂದದ್ದು ಕೋಟೆಯ ಎದುರಿನ ಒಂದು ಗುಡ್ಡದ ಮೇಲಿನಿಂದ.